ಎಡಗಡೆಯ ಮೋಟರು

ಅವರು ಹಲ್ಲಿನ ಸೆಟ್ಟು ಕಟ್ಟುವವರು. ದಂತವೈದ್ಯರಲ್ಲ. ವೈದ್ಯರು ಮುಂದಿನ ಕೋಣೆಯಲ್ಲಿ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಹಿಂದಿನ ಕೋಣೆಯಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದರು. ಯಾರಿಗೂ ಪಾಠ ಹೇಳಿದವರಲ್ಲವಾದರೂ ಮುಖದ ಮೇಲೆ ಸದಾ ತಪ್ಪು ಹುಡುಕುವ ಗಂಟು ಇದ್ದದ್ದರಿಂದ ಬೀದಿಯವರೆಲ್ಲ ಅವರನ್ನು ‘ಹಲ್ಲು ಮೇಷ್ಟ್ರು’ ಎಂದೇ ಕರೆಯುತ್ತಿದ್ದರು.

ಅವರು ಕಟ್ಟಿದ ಹಲ್ಲು ಎಷ್ಟೋ ಬಾಯಿಗಳಲ್ಲಿ ಅಗಿಯುತ್ತಿತ್ತು, ನಗುತ್ತಿತ್ತು, ಪಕ್ಕದ ಮನೆಯವರನ್ನು ಬೈಯುತ್ತಿತ್ತು. ಆ ಬಾಯಿಗಳನ್ನು ಮೇಷ್ಟ್ರು ನೋಡಿದ್ದಿಲ್ಲ. ಅವರ ಮೇಜಿಗೆ ಬರುತ್ತಿದ್ದದ್ದು ವಾಪಸು ಬಂದ ಸೆಟ್ಟುಗಳು ಮಾತ್ರ: ಇಲ್ಲಿ ಚುಚ್ಚುತ್ತದೆ, ಅಲ್ಲಿ ಎತ್ತರವಾಯಿತು, ಮಾತಾಡಿದರೆ ಕಟಕಟ ಅನ್ನುತ್ತದೆ. ಸರಿಯಾಗಿ ಕೂತ ಸೆಟ್ಟು ಯಾಕೆ ವಾಪಸು ಬಂದೀತು? ಹೀಗೆ ಕೆಟ್ಟದ್ದನ್ನೇ ಕಂಡು ಕಂಡು, ತನ್ನ ಕೈಯಿಂದ ಒಂದೂ ನೆಟ್ಟಗೆ ಆಗುವುದಿಲ್ಲ ಎಂಬ ಸಿಡುಕು ಅವರ ರಕ್ತದಲ್ಲೇ ಸೇರಿಹೋಗಿತ್ತು.

ಐವತ್ತು ದಾಟಿದ ಮೇಲೆ ಅವರಿಗೆ ವಿಮಾನದ ಹುಚ್ಚು ಹತ್ತಿತು. ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಕೆಲವರು ರಿಮೋಟಿನ ವಿಮಾನ ಹಾರಿಸುತ್ತಿದ್ದರು. ನೋಡಲು ಹೋದ ಮೇಷ್ಟ್ರು ಮರುವಾರವೂ ಹೋದರು. ಅಲ್ಲಿನ ಹಿರಿಯರು, ನಿವೃತ್ತ ಅಂಚೆಯವರು, ಇವರಿಗೆ ಒಂದು ಹಳೆಯ ಥರ್ಮಾಕೋಲ್ ವಿಮಾನ ಕೊಟ್ಟು ಕಲಿಸಿದರು. ಒಂದೇ ಮೋಟರಿನದು, ಸಾಧು ಪ್ರಾಣಿ. ಬಿದ್ದರೆ ಅಂಟು ಹಚ್ಚಿ ಮತ್ತೆ ಹಾರಿಸಬಹುದು. ವರ್ಷ ಕಳೆಯುವಷ್ಟರಲ್ಲಿ ಮೇಷ್ಟ್ರು ಅದನ್ನು ಏರಿಸಿ, ತಿರುಗಿಸಿ, ಇಳಿಸುವುದನ್ನು ಕಲಿತರು. ಇನ್ನು ತಾನೇ ಒಂದು ಕಟ್ಟಬೇಕು ಎಂದುಕೊಂಡರು. ಕಟ್ಟಿದರೆ ಎರಡು ಮೋಟರಿನದೇ.

ಹಿರಿಯರು ಬೇಡ ಎಂದರು. ಇರುವ ಒಂದೇ ಮೋಟರು ನಿಂತರೆ ವಿಮಾನ ಇಳಿಯುತ್ತದೆ, ಎರಡರಲ್ಲಿ ಒಂದು ನಿಂತರೆ ಬೀಳುತ್ತದೆ ಎಂದು ಬಿಡಿಸಿ ಹೇಳಿದರು. ಉಳಿದ ಮೋಟರು ಒಂದೇ ಕಡೆ ಎಳೆದು ಮೂತಿ ತಿರುಗಿಸಿಬಿಡುತ್ತದಂತೆ. ಹಾಗೇನಾದರೂ ಆದರೆ ಇನ್ನೊಂದನ್ನೂ ಆಫ್ ಮಾಡಿ ತೇಲಿಸಿಕೊಂಡು ಬರಬೇಕು, ಬೇರೆ ದಾರಿ ಇಲ್ಲ. ಮೇಷ್ಟ್ರು ತಲೆಯಾಡಿಸಿದರು. ಆದರೆ ಹಿಂದೊಮ್ಮೆ ಯಾರೋ ತಂದಿದ್ದ ಎರಡು ಮೋಟರಿನ ವಿಮಾನ ತಲೆಯ ಮೇಲೆ ಹಾದುಹೋದಾಗ ಎರಡು ದನಿ ಸೇರಿ ಒಂದಾಗಿ ಗುಂಯ್‌ಗುಟ್ಟಿದ್ದು ಅವರ ಕಿವಿಯಿಂದ ಇಳಿದಿರಲಿಲ್ಲ.

ಯಾವುದನ್ನು ಕಟ್ಟುವುದು ಎಂದು ಆರಿಸುವುದರಲ್ಲೇ ಅರ್ಧ ಪ್ರಾಣ ಹೋಯಿತು. ಮನಸ್ಸಿಗೆ ಹಿಡಿಸಿದ್ದರ ರೆಕ್ಕೆ ಮಲಗುವ ಕೋಣೆಯ ಬಾಗಿಲಲ್ಲಿ ತೂರುತ್ತಿರಲಿಲ್ಲ. ಬಾಗಿಲಿಗೆ ಹೊಂದುವಂಥದ್ದರ ಬಿಡಿಭಾಗಗಳು ಸಿಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಪುಟ್ಟ ಸರಕು ವಿಮಾನದ ನಕ್ಷೆ ಮಾತ್ರ. ರೆಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚು, ಮೂತಿ ಗುಂಡಗೆ, ಹೊಟ್ಟೆ ದಪ್ಪ. ನಕ್ಷೆ ಬಂದ ದಿನ ಹೆಂಡತಿ ಅದನ್ನು ನೋಡಿ, ಇದು ನಿಮ್ಮ ಹಾಗೇ ಇದೆಯಲ್ಲ ಎಂದರು.

ಮೇಷ್ಟ್ರ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ದಿನವಿಡೀ ಕಿವಿಯಲ್ಲೇ ಕೆಲಸ. ಮನೆಯಲ್ಲಿ ಅವರಿಗೆ ಬೇಕಾಗಿದ್ದದ್ದು ನಿಶ್ಶಬ್ದ ಮತ್ತು ಊಟದ ಮೇಜು, ಎರಡೂ ಕೈತಪ್ಪಿಹೋದವು. ಮೇಜಿನ ಮೇಲೆ ನಕ್ಷೆ ಹರಡಿತು, ಅದರ ಮೇಲೆ ಬಾಲ್ಸಾ ಮರದ ತೆಳು ಹಲಗೆ, ಬ್ಲೇಡು, ಗುಂಡುಸೂಜಿ. ಬಾಲ್ಸಾ ಎಷ್ಟು ಹಗುರವೆಂದರೆ ಸೀನಿದರೆ ಹಾರುತ್ತಿತ್ತು. ಮೇಷ್ಟ್ರು ರೆಕ್ಕೆಯ ಪಕ್ಕೆಲುಬುಗಳನ್ನು ಹಲ್ಲಿನಂತೆಯೇ ಸಾಲಾಗಿ ಕೂರಿಸಿದರು. ಮಾರನೆಯ ವಾರ ಹವೆಯ ತೇವಕ್ಕೆ ಬಲರೆಕ್ಕೆ ಹಪ್ಪಳದಂತೆ ತಿರುಚಿಕೊಂಡಿತು. ಅದನ್ನು ಮುರಿದೆಸೆದು ಮತ್ತೆ ಕಟ್ಟಿದರು. ರೆಕ್ಕೆಗೆ ಹೊದಿಸುವ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಅಂಟಿಸಬೇಕಿತ್ತು. ಅದಕ್ಕೆ ಮನೆಯ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡರು. ಹೆಂಡತಿಯ ಬಿಳಿ ಯೂನಿಫಾರ್ಮಿನ ಬೆನ್ನ ಮೇಲೆ ಕೆಂಪು ಪಟ್ಟೆ ಮೂಡಿದಾಗ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ.

ಮೋಟರುಗಳ ಮೇಲಿನ ಮುಚ್ಚಳ ಅಂಗಡಿಯಲ್ಲಿ ಸಿಗಲಿಲ್ಲ. ಮೇಷ್ಟ್ರು ಮೇಣದಲ್ಲಿ ಅಚ್ಚು ಮಾಡಿ, ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ವಸ್ತುವಿನಲ್ಲೇ ಎರಡು ಮುಚ್ಚಳ ಎರಕ ಹೊಯ್ದರು. ಕೂರಿಸಿ ದೂರ ನಿಂತು ನೋಡುತ್ತಿರುವಾಗ ಹೆಂಡತಿ ಬಂದರು.

“ವಿಮಾನಕ್ಕೆ ವಸಡು ಬಂತು. ಹಲ್ಲು ಯಾವಾಗ ಹುಟ್ಟೋದು?”

ಮೇಷ್ಟ್ರು ನಗಲಿಲ್ಲ. ಆ ಹೊತ್ತಿಗೆ ಅವರಿಗೆ ನಗು ಬರುವ ಸ್ಥಿತಿಯೇ ಇರಲಿಲ್ಲ. ಬಾಲದ ಕಡೆ ಭಾರವಾಗಿತ್ತು. ಸಮತೂಕಕ್ಕೆಂದು ಮೂತಿಯೊಳಗೆ ಸೀಸ ತುಂಬಿದರು, ಸಾಲದೆ ಇನ್ನಷ್ಟು ತುಂಬಿದರು. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ತಾವೇ ಗೊಣಗಿದರು. ಆಮೇಲೆ ಮೋಟರುಗಳ ಕಾಟ. ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡು ಮೋಟರು, ಒಂದು ಓಡಿದರೆ ಇನ್ನೊಂದು ನಡೆಯುತ್ತಿತ್ತು. ನೆಲದ ಮೇಲೆ ಬಿಟ್ಟರೆ ವಿಮಾನ ಹಟಮಾರಿ ಕರುವಿನಂತೆ ಎಡಕ್ಕೇ ತಿರುಗಿ ಸೋಫಾದ ಕಾಲಿಗೆ ಗುದ್ದುತ್ತಿತ್ತು.

ಇಂಥ ಹೊತ್ತಿನಲ್ಲಿ ಬಾಮೈದ ಬರುತ್ತಿದ್ದ. ಹೆಂಡತಿಯ ತಮ್ಮ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಪ್ರಪಂಚದಲ್ಲಿ ಚಲಿಸುವುದೆಲ್ಲ ಒಂದಲ್ಲ ಒಂದು ಬಗೆಯ ಕಾರು ಎಂದು ಅವನ ನಂಬಿಕೆ. ವಿಮಾನ ಎಡಕ್ಕೆ ಎಳೆಯುವುದನ್ನು ಕಂಡು, ವೀಲ್ ಅಲೈನ್‌ಮೆಂಟ್ ಮಾಡಿಸಿ ಭಾವ ಎಂದ. ಮೇಷ್ಟ್ರು ಹಲ್ಲು ಕಚ್ಚಿದರು. ಕೊನೆಗೆ ಎರಡು ಮೋಟರಿನ ನಿಯಂತ್ರಣ ಸರ್ಕೀಟುಗಳಿಗೂ ರಿಮೋಟಿನ ವೇಗದ ಕಡ್ಡಿಯ ತಳ ಯಾವುದು, ತುದಿ ಯಾವುದು ಎಂದು ಬೇರೆ ಬೇರೆಯಾಗಿ ಕಲಿಸಬೇಕೆಂದು ತಿಳಿಯಿತು. ಕಲಿಸಿದ ಮೇಲೆ ಎರಡೂ ಒಂದೇ ದನಿಯಲ್ಲಿ ಹಾಡಿದವು. ಪ್ರೊಪೆಲರ್ ಬಿಚ್ಚಿ, ಮೋಟರು ಓಡಿಸುತ್ತಲೇ ವಿಮಾನವನ್ನು ಕೈಯಲ್ಲೆತ್ತಿ ನಡುಮನೆಯಲ್ಲಿ ಓಡಾಡಿಸಿದರು. ಬಹಳ ದಿನಗಳ ಮೇಲೆ ಹಣೆಯ ಗಂಟು ಸ್ವಲ್ಪ ಸಡಿಲವಾಯಿತು.

ಅಡುಗೆಮನೆಯಿಂದ ಹೆಂಡತಿ, “ರೀ, ಅದರಲ್ಲಿ ಒಂದು ಮಧ್ಯೆ ಮಧ್ಯೆ ಉಸಿರು ಕಟ್ತಿದೆ” ಎಂದರು.

“ಅದು ನಿನ್ನ ಟೆಲಿಫೋನ್ ಅಲ್ಲ” ಎಂದರು ಮೇಷ್ಟ್ರು.

ಮೊದಲ ಹಾರಾಟದ ಭಾನುವಾರ ಬಾಮೈದನೇ ಕಾರು ತಂದ. ಬಯಲಿಗೆ ತಲುಪಿ ಇಳಿಸುವಾಗ ವಿಮಾನವನ್ನು ಎಡಗಡೆಯ ಮೋಟರು ಹಿಡಿದು ಎತ್ತಿದ. ಮೇಷ್ಟ್ರು ಗದರಿ ಕಿತ್ತುಕೊಂಡರು. ಗಾಳಿ ಇರಲಿಲ್ಲ. ಹಿರಿಯರು ಮತ್ತೊಮ್ಮೆ ಎಲ್ಲ ಎಳೆದು ನೋಡಿ, ಒಂದು ನಿಂತರೆ ಎರಡನ್ನೂ ನಿಲ್ಲಿಸಿ ಎಂದು ಮತ್ತೆ ನೆನಪಿಸಿದರು. ವಿಮಾನ ಸಿಮೆಂಟಿನ ಹಳೆಯ ಅಂಗಳದ ಮೇಲೆ ನೆಟ್ಟಗೆ ಓಡಿ ಎದ್ದಿತು. ಎದ್ದೇಬಿಟ್ಟಿತು. ಗುಲಾಬಿ ಮುಚ್ಚಳಗಳು ಬಿಸಿಲಿಗೆ ಹೊಳೆದವು. ಮೊದಲ ಸುತ್ತಿನಲ್ಲಿ ಎರಡು ದನಿ ಒಂದಾಗಿ ತಲೆಯ ಮೇಲೆ ಹಾದುಹೋದಾಗ ಮೇಷ್ಟ್ರು ರಿಮೋಟು ಹಿಡಿದೇ ಕತ್ತೆತ್ತಿ ಕಿವಿಗೊಟ್ಟರು.

ಎರಡನೆಯ ತಿರುವಿನಲ್ಲಿ ಒಂದು ದನಿ ಕಡಿಮೆಯಾಯಿತು. ನಿಲ್ಲಿಸಿ, ನಿಲ್ಲಿಸಿ ಎಂದು ಹಿರಿಯರು ಹೇಳುತ್ತಿದ್ದದ್ದು ಮೇಷ್ಟ್ರಿಗೆ ಕೇಳಿಸಿತು. ಏನು ಮಾಡಬೇಕೆಂದು ಚೆನ್ನಾಗಿ ಗೊತ್ತೂ ಇತ್ತು. ಆದರೆ ಕೆಳಗಿಳಿಯುತ್ತಿರುವುದನ್ನು ಮೇಲೆತ್ತುವ ಅವಸರದಲ್ಲಿ ಹೆಬ್ಬೆರಳು ವೇಗದ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿತು. ವಿಮಾನ ಎಡಕ್ಕೆ ಮಗುಚಿ, ಗಿರಗಿರನೆ ತಿರುಗುತ್ತ ಜಾಲಿ ಪೊದೆಗಳಾಚೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೋಗಿ ನೋಡಿದರೆ ಮೂತಿ ಪುಡಿ, ಬಲರೆಕ್ಕೆ ಎರಡು ತುಂಡು. ಎಡರೆಕ್ಕೆಗೆ ಒಂದು ಗೀರೂ ಆಗಿರಲಿಲ್ಲ. ಅದೇ ಮೇಷ್ಟ್ರನ್ನು ಇನ್ನಷ್ಟು ಕೆರಳಿಸಿತು. ಹೊಸಬರು ಕಾರನ್ನೂ ಮೊದಲ ದಿನ ಹೀಗೇ ಗುದ್ದುತ್ತಾರೆ ಎಂದು ಬಾಮೈದ ಸಮಾಧಾನ ಹೇಳಹೋದ.

“ಎಡಗಡೆ ಮೋಟರು ಹಿಡಿದು ಎತ್ತಿದವನು ನೀನು. ವೈರು ಕಿತ್ತವನು ನೀನು. ಇನ್ಮೇಲೆ ನನ್ನ ವಸ್ತು ಮುಟ್ಟಬೇಡ.”

ಬಾಮೈದ ಮುರಿದ ತುಂಡುಗಳನ್ನು ಆರಿಸಿ ಕಾರಿನ ಹಿಂದಿಟ್ಟು, ಭಾವನನ್ನು ಮನೆಯ ಮುಂದೆ ಇಳಿಸಿ ಹೋದ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ. ಅಕ್ಕನಿಗೆ ಮಾತ್ರ ಆಸ್ಪತ್ರೆಗೇ ಫೋನ್ ಮಾಡುತ್ತಿದ್ದ.

ಮೇಷ್ಟ್ರು ಮೂತಿ ಮತ್ತೆ ಕಟ್ಟಿದರು, ಬಲರೆಕ್ಕೆ ಮೂರನೆಯ ಸಲ ಕಟ್ಟಿದರು. ಆದರೆ ಎಡಗಡೆಯ ಮೋಟರು ಯಾಕೆ ನಿಂತಿತೆಂಬುದು ಹೊಳೆಯಲಿಲ್ಲ. ಬಾಮೈದ ಕಿತ್ತನೆಂದ ವೈರು ಕಿತ್ತೇ ಇರಲಿಲ್ಲ. ಮೇಜಿಗೆ ಬಿಗಿದು ಓಡಿಸಿದರೆ ಬ್ಯಾಟರಿ ಮುಗಿಯುವ ತನಕ ನಿಲ್ಲದೆ ಓಡುತ್ತಿತ್ತು. ಮೋಟರು ಬದಲಿಸಿದರು, ಸರ್ಕೀಟು ಬದಲಿಸಿದರು. ತಪ್ಪು ಕಾಣಿಸದ ಯಂತ್ರ ಅವರಿಗೆ ತಪ್ಪಿರುವ ಯಂತ್ರಕ್ಕಿಂತ ಕೆಟ್ಟದ್ದೆನಿಸಿತು. ಕ್ಲಿನಿಕ್ಕಿನಲ್ಲೂ ಅದೇ ಗುಂಗು. ಒಬ್ಬರ ಮೇಲಿನ ಹಲ್ಲನ್ನು ಕೆಳಗಿನ ವಸಡಿಗೆ ಕೂರಿಸಿ ವೈದ್ಯರಿಂದ ಹೇಳಿಸಿಕೊಂಡರು. ಅವತ್ತು ಮನೆಗೆ ಬಂದವರೇ ವಿಮಾನವನ್ನು ಅಟ್ಟಕ್ಕೆ ಹಾಕುತ್ತೇನೆ ಎಂದರು.

ಹೆಂಡತಿ ಕಾಫಿ ಲೋಟ ಕೆಳಗಿಟ್ಟರು. ಅಟ್ಟದಲ್ಲಿ ಜಾಗ ಇಲ್ಲ ಎಂದರು. ಆಮೇಲೆ, ಅದನ್ನು ಅವತ್ತಿನ ಹಾಗೆ ಕೈಯಲ್ಲಿ ಹಿಡಿದು ಓಡಿಸಿ, ಮೇಜಿನ ಮೇಲೆ ಬೇಡ ಎಂದರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಆದರೂ ಪ್ರೊಪೆಲರ್ ಬಿಚ್ಚಿದರು, ಮೋಟರು ಚಾಲೂ ಮಾಡಿದರು, ಎತ್ತಿ ಹಿಡಿದರು. ಹೆಂಡತಿ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತರು.

“ರೆಕ್ಕೆ ತುದಿ ಹಿಡಿದು ಮೇಲಕ್ಕೆತ್ತಿ. ಇಳಿಸಿ. ಇನ್ನೊಂದು ತುದಿ. ಹಾಂ, ಅದೇ. ಎಡಗಡೇದು. ತುದಿ ಬಗ್ಗಿದಾಗಲೆಲ್ಲ ಉಸಿರು ಕಟ್ತಿದೆ.”

ಮೇಷ್ಟ್ರು ಮತ್ತೆ ಬಗ್ಗಿಸಿದರು. ಈಗ ಅವರಿಗೂ ಕೇಳಿಸಿತು. ಒಂದು ಬಿಕ್ಕಳಿಕೆಯಷ್ಟು ಸಣ್ಣದು. ಮೇಜಿಗೆ ಬಿಗಿದಾಗ ರೆಕ್ಕೆ ಬಗ್ಗುತ್ತಿರಲಿಲ್ಲ, ಆಕಾಶದಲ್ಲಿ ಬಗ್ಗುತ್ತಿತ್ತು.

ಹುಡುಕಬೇಕಾದರೆ ಎಡರೆಕ್ಕೆಯನ್ನೇ ಸೀಳಬೇಕು. ಇಡೀ ವಿಮಾನದಲ್ಲಿ ಒಂದೇ ಸಲಕ್ಕೆ ನೆಟ್ಟಗಾದ ಭಾಗ ಅದು. ಬ್ಲೇಡು ಹಿಡಿದು ಬಹಳ ಹೊತ್ತು ಕೂತಿದ್ದರು. ಕೊನೆಗೆ ಹಾಳೆ ಕೊಯ್ದು ಒಳಗೆ ಇಣುಕಿದರು. ಮೂರನೆಯ ಪಕ್ಕೆಲುಬಿನ ಪಕ್ಕದಲ್ಲಿ ಎರಡು ವೈರು ಸೇರಿಸಿದ ಬೆಸುಗೆ ಮಂಕಾಗಿ, ಮೇಲ್ಮೇಲೆ ಅಂಟಿಕೊಂಡಿತ್ತು. ಬಗ್ಗಿಸಿದರೆ ಬಿಡುತ್ತಿತ್ತು, ಬಿಟ್ಟರೆ ಕೂಡುತ್ತಿತ್ತು. ಆ ಬೆಸುಗೆ ಹಾಕಿದ್ದು ಅವರೇ. ಹಾಳೆ ಹೊದಿಸುವ ಮೊದಲೇ, ಬಾಮೈದ ವಿಮಾನವನ್ನು ಕಣ್ಣಿಂದಲೂ ಕಂಡಿರದಿದ್ದಾಗ.

ಹೆಂಡತಿ ಬಗ್ಗಿ ನೋಡಿದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಅವರು ಹೇಳಬಹುದಿತ್ತು. ಹೇಳಲಿಲ್ಲ. ಅದರಿಂದ ಮೇಷ್ಟ್ರಿಗೆ ಇನ್ನೂ ಕಷ್ಟವಾಯಿತು.

ಮರುದಿನ ಕೆಲಸ ಮುಗಿಸಿ ಅವರು ಡ್ರೈವಿಂಗ್ ಸ್ಕೂಲಿನ ಬಳಿಗೆ ಹೋದರು. ಬಾಮೈದ ಒಬ್ಬ ಹೆಂಗಸಿಗೆ ಕಾರನ್ನು ಹಿಮ್ಮುಖವಾಗಿ ನಿಲ್ಲಿಸುವುದನ್ನು ಕಲಿಸುತ್ತಿದ್ದ. ಆಕೆ ಮತ್ತೆ ಮತ್ತೆ ಕಂಬಕ್ಕೆ ತಾಗಿಸುತ್ತಿದ್ದರೂ ಅವನ ದನಿ ಏರಲಿಲ್ಲ. ಇರಲಿ ಮೇಡಂ, ಮತ್ತೊಂದು ಸಲ ಎನ್ನುತ್ತಲೇ ಇದ್ದ. ಮೇಷ್ಟ್ರು ಗೋಡೆಯ ಪಕ್ಕ ನಿಂತು ಕಾದರು. ಕ್ಷಮೆ ಕೇಳಿ ಅವರಿಗೆ ರೂಢಿಯಿರಲಿಲ್ಲ.

“ಬೆಸುಗೆ ನಂದೇ ಬಿಟ್ಟಿತ್ತು” ಎಂದರು.

“ಅಕ್ಕ ಹೇಳಿದ್ಲು.”

“ಭಾನುವಾರ ಕಾರು ಬಿಡುವಿದೆಯಾ?”

“ಕಾರು ಬಿಡುವಿದೆ. ನಾನು ಮುಟ್ಟಬಹುದಾ ಅನ್ನೋದು ಹೇಳಿ ಭಾವ.”

ಮುಟ್ಟು, ಆದರೆ ಮೋಟರು ಹಿಡಿದು ಎತ್ತಬೇಡ ಎಂದರು ಮೇಷ್ಟ್ರು. ಅವರಿಂದ ಅಷ್ಟು ಬಂದದ್ದೇ ಹೆಚ್ಚು ಎಂದು ಬಾಮೈದನಿಗೆ ಗೊತ್ತಿತ್ತು.

ಆ ಭಾನುವಾರ ಹೆಂಡತಿಯೂ ಬಯಲಿಗೆ ಬಂದರು. ಹೊಸದಾಗಿ ಬೆಸುಗೆ ಹಾಕಿ ತೇಪೆ ಹಚ್ಚಿದ ಎಡರೆಕ್ಕೆ, ಬಣ್ಣ ಹೊಂದದ ಬಲರೆಕ್ಕೆ. ಹತ್ತಿರದಿಂದ ನೋಡಿದರೆ ವಿಮಾನ ಗುಜರಿಯಿಂದ ಎದ್ದು ಬಂದಂತಿತ್ತು. ಎತ್ತರಕ್ಕೆ ಹೋದ ಮೇಲೆ ಅದೊಂದೂ ಕಾಣಲಿಲ್ಲ. ಸುತ್ತು ಹಾಕಿತು, ಮತ್ತೆ ಸುತ್ತು ಹಾಕಿತು, ತಲೆಯ ಮೇಲೆ ಹಾದುಹೋಯಿತು. ಬಾಮೈದ ಬಾಯಿ ತೆರೆದು ನೋಡುತ್ತಿದ್ದ. ಹೆಂಡತಿ ಕೊಡೆಯ ನೆರಳು ಬಿಟ್ಟು ಮುಂದೆ ಬಂದು ನಿಂತರು. ಹಿರಿಯರು ಮೊದಲ ಸಲ, ಚೆನ್ನಾಗಿದೆ ಎಂದರು.

ಮೇಷ್ಟ್ರಿಗೆ ಮಾತ್ರ ಏನೂ ಚೆನ್ನಾಗಿರಲಿಲ್ಲ. ವಿಮಾನ ಇನ್ನೂ ಕೂದಲೆಳೆಯಷ್ಟು ಎಡಕ್ಕೆ ಎಳೆಯುತ್ತಿತ್ತು. ಯಾವ ದನಿಗಾಗಿ ಇಷ್ಟೆಲ್ಲ ಮಾಡಿದ್ದರೋ ಆ ದನಿಯೊಳಗೆ ಅವರು ಬಿಕ್ಕಳಿಕೆಯನ್ನೇ ಹುಡುಕುತ್ತಿದ್ದರು. ಕುತ್ತಿಗೆ ಬೆವೆತಿತ್ತು, ಹೆಬ್ಬೆರಳು ಮರಗಟ್ಟಿತ್ತು. ಏನೂ ಆಗದಿದ್ದರೂ, ಆಗುವ ಮೊದಲೇ ಇಳಿಸಿಬಿಟ್ಟರು. ಇಳಿಯುವಾಗ ವಿಮಾನ ಒಮ್ಮೆ ಪುಟಿದು, ಅಂಗಳದ ಅಂಚಿನಲ್ಲಿ ನಿಂತಿತು.

“ಯಾಕೆ ಇಷ್ಟು ಬೇಗ?” ಎಂದು ಹೆಂಡತಿ ಕೇಳಿದರು.

ಬ್ಯಾಟರಿ ಮುಗಿದಿರಬೇಕು ಎಂದರು ಮೇಷ್ಟ್ರು. ಹಿರಿಯರು ಬ್ಯಾಟರಿ ಬಿಚ್ಚಿ ಅಳತೆ ನೋಡಿ, ಅರ್ಧಕ್ಕಿಂತ ಹೆಚ್ಚು ಉಳಿದಿದೆಯಲ್ಲ ಮೇಷ್ಟ್ರೇ ಎಂದರು. ಬಾಮೈದ ವಿಮಾನವನ್ನು ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು, ಹಸುಗೂಸನ್ನು ಎತ್ತುವ ಹಾಗೆ ಎತ್ತಿ ತಂದು ಅವರ ಮುಂದೆ ಇಟ್ಟ.

“ನಂಗೆ ಎರಡೂ ಸರಿಯಾಗೇ ಕೇಳಿಸ್ತು” ಎಂದರು ಹೆಂಡತಿ. “ಸ್ವಲ್ಪ ಕೂತ್ಕೊಳ್ಳಿ. ಆಮೇಲೆ ಇನ್ನೊಂದು ಸಲ ಬಿಡಿ. ನಾನು ಕೇಳಿಸ್ಕೋತೀನಿ, ನೀವು ಬರೀ ನೋಡಿ.”

ಮೇಷ್ಟ್ರು ಇಟ್ಟಿಗೆ ರಾಶಿಯ ಮೇಲೆ ಕೂತರು. ಎಡಕ್ಕೆ ಎಳೆಯುತ್ತಿದೆ ಎಂದು ಗೊಣಗಿದರು. ಬಾಮೈದ ಏನೋ ಹೇಳಲು ಬಾಯಿ ತೆರೆದವನು, ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಎದ್ದು, ಅರ್ಧ ಉಳಿದಿದ್ದ ಬ್ಯಾಟರಿಯನ್ನು ವಿಮಾನದ ಹೊಟ್ಟೆಯೊಳಗೆ ಸಿಕ್ಕಿಸಿದರು.