ಮೀನು ಮುಟ್ಟುವ ಮುಂಚೆ ಹಳ್ಳಕ್ಕೆ

ಬೆಳಗಿನ ಐದೂವರೆ. ಅಂಕೋಲೆ ಪೇಟೆಯ ಹಿಂದಿನ ಹಳ್ಳದಲ್ಲಿ ಮೊಣಕಾಲುದ್ದ ನೀರಿಗಿಳಿದು ಗೋದಾವರಿ ಹರಿಕಂತ್ರ ಬಿದಿರುಕೋಲಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ಎಳೆಯುತ್ತಿದ್ದಾರೆ. ಆಗಲೇ ಸ್ನಾನ ಮುಗಿದಿದೆ, ತುರುಬಿನಲ್ಲಿ ಅಬ್ಬಲಿಗೆಯಿದೆ. ಚೀಲದ ಗಂಟು ಬಿಚ್ಚಿದರೆ ಯಾರದೋ ಮನೆಯ ದೇವರ ಮೇಲಿನ ಬಾಡಿದ ದಾಸವಾಳ, ತುಳಸಿ, ಊದುಬತ್ತಿಯ ಕಡ್ಡಿ. ಹೂವನ್ನು ದಂಡೆಯ ತೆಂಗಿನ ಬುಡಕ್ಕೆ ಹಾಕಿ, ಚೀಲ ತೊಳೆದು ಬೇಲಿಗೆ ಸಿಕ್ಕಿಸುತ್ತಾರೆ. ಏಳಕ್ಕೆ ಬೇಲೆಕೇರಿಯಿಂದ ಮೀನಿನ ಟೆಂಪೋ ಬರುತ್ತದೆ. ಆಮೇಲೆ ಮಧ್ಯಾಹ್ನದವರೆಗೆ ಮೀನುಪೇಟೆಯೇ.

ಐವತ್ತೆರಡರ ಗೋದಾವರಿಗೆ ಈ ಕೆಲಸ ಯಾರೂ ಹೇಳಿದ್ದಲ್ಲ. ಹಳ್ಳದ ಕೊನೆಯ ಮನೆ ಅವರದು. ಮೇಲಿನ ನಲವತ್ತು ಮನೆಗಳು ಬಿಟ್ಟಿದ್ದೆಲ್ಲ ಅವರ ಬಾವಿಯ ಪಕ್ಕವೇ ಬಂದು ನಿಲ್ಲುತ್ತಿತ್ತು. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಬಾವಿನೀರು ನಾತ ಹೊಡೆಯಿತು, ಸೊಸೆ ರಂಜನಾಳಿಗೆ ಕಾಮಾಲೆಯಾಯಿತು. "ಬಾವಿ ಬಿಟ್ಟು ನಾವು ಎಲ್ಲಿಗೆ ಹೋಗೂದು? ಹಳ್ಳ ಸರಿಯಾದ್ರೇ ಬಾವಿ ಸರಿ ಆಗೂದು" ಎನ್ನುತ್ತಾರೆ.

ಮೊದಲು ಎಡವಿದ್ದು ಅವರೇ. ಒಂದು ಮಧ್ಯಾಹ್ನ ಮೀನು ಮಾರಿ ಬಂದ ಕೈಯಲ್ಲೇ ಆ ಚೀಲಗಳನ್ನು ಎತ್ತಿಬಿಟ್ಟರು. ದಿಬ್ಬದ ಮೇಲಿನ ಮನೆಯ ಶಾಲೆ ಟೀಚರು, ಎಲ್ಲರ ಬಾಯಲ್ಲಿ ಲತಾ ಅಕ್ಕೋರು, ನೋಡಿ ಕೆಂಡವಾದರು. "ದೇವರ ಹೂವಿಗೆ ಮೀನಿನ ಕೈಯಾ?" ಅಕ್ಕೋರ ಮನೆಗೂ ಮೀನು ಹೋಗುವುದು ಇದೇ ಬುಟ್ಟಿಯಿಂದ. ಕೊಳೆತ ಹೂವಿಗೂ ಮಡಿಯೇ ಎಂದು ನನಗೆ ಸಿಟ್ಟು ಬರುತ್ತದೆ. ಗೋದಾವರಿಗೆ ಬರುವುದಿಲ್ಲ.

"ಅವ್ರು ಹೇಳಿದ್ದು ಸುಳ್ಳಲ್ಲ. ನಮ್ಮನೆ ದೇವ್ರ ಹೂವನ್ನೂ ನಾನು ಮಿಂದೇ ಮುಟ್ಟೂದು."

ಅಂದಿನಿಂದ ಸ್ನಾನ ಮೊದಲು, ಹಳ್ಳ ಆಮೇಲೆ, ಮೀನು ಕೊನೆಗೆ.

ನಿರ್ಮಾಲ್ಯವನ್ನು ಕಸದ ಡಬ್ಬಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಹರಿಯುವ ನೀರಿಗೆ ಬಿಡಬೇಕು, ಇಲ್ಲವೇ ಕಾಲು ತುಳಿಯದ ಮರದ ಬುಡಕ್ಕೆ ಹಾಕಬೇಕು. ಆ 'ಇಲ್ಲವೇ' ಒಂದನ್ನೇ ಹಿಡಿದುಕೊಂಡು ಅವರು ನಲವತ್ತೂ ಮನೆಗಳ ಮೆಟ್ಟಿಲು ಹತ್ತಿದರು. ತಮ್ಮ ಕೇರಿಯವರನ್ನೂ ಬಿಡಲಿಲ್ಲ. ಮೀನಿನ ಕರುಳು, ತಲೆ ಹಳ್ಳಕ್ಕೆ ಬೀಳುವುದು ನಿಂತು ಹಿತ್ತಲ ಗುಂಡಿಗೆ ಹೋಯಿತು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಗಂಡ ಮಾದೇವ ಛೇಡಿಸುತ್ತಾರೆ. ಗುಂಡಿಗಳನ್ನೆಲ್ಲ ತೋಡಿಕೊಟ್ಟವರು ಮಾತ್ರ ಅವರೇ. ದಿನಕ್ಕೆ ಇಪ್ಪತ್ತು ಚೀಲ ಸಿಗುತ್ತಿದ್ದಲ್ಲಿ ಈಗ ಎರಡೋ ಮೂರೋ. ಹೋದ ವರ್ಷದಿಂದ ಮನೆಯವರೆಲ್ಲ ಮತ್ತೆ ಬಾವಿನೀರೇ ಕುಡಿಯುತ್ತಿದ್ದಾರೆ.

ಈ ಮೇ ತಿಂಗಳಲ್ಲಿ ದಿಬ್ಬದ ಮೇಲಿನ ಬಾವಿಗಳು ಬತ್ತಿವೆ. ಮೊನ್ನೆಯ ಸಂಗತಿಯನ್ನು ಗೋದಾವರಿ ತುಸು ನಾಚಿಕೊಂಡೇ ಹೇಳುತ್ತಾರೆ.

"ಅಕ್ಕೋರು ತಾಮ್ರದ ಕೊಡ ಹಿಡ್ಕಂಡು ಬಂದ್ರು. ದೇವ್ರ ಪೂಜೆಗೆ ನೀರು ಬೇಕಾಗಿತ್ತು ಅಂದ್ರು. ನಾನು ಆಗಷ್ಟೇ ಪೇಟೆಯಿಂದ ಬಂದವ್ಳು, ತಲೆ ಮೇಲಿನ ಬುಟ್ಟಿ ಇನ್ನೂ ಇಳ್ಸಿರ್ಲಿಲ್ಲ. ತಡೀರಿ, ರಂಜನಾನ ಕರೀತೆ ಅಂದೆ."

"ಏನಂದರು?"

"ಅವ್ಳು ಎಂತಕ್ಕೆ, ನೀನೇ ಸೇದಿ ಕೊಡು ಅಂದ್ರು."