ನನಗೆ ಬಂದದ್ದು ಅಜ್ಜಿಯ ಕೆಮ್ಮು

ಅವ್ವನ ತಾಯಿ, ಕಮಲಾಪುರದ ನನ್ನ ಅಜ್ಜಿ, ಗೆಳತಿಯರೊಂದಿಗೆ ಹಾಡಿದ್ದ ಬೀಸುವ ಪದಗಳ ಕ್ಯಾಸೆಟ್ ಒಂದೇ ಒಂದು ಉಳಿದಿತ್ತು. ಅಜ್ಜಿ ತೀರಿದ ಮೇಲೆ ಅವ್ವ ಅದನ್ನು ಸೀರೆಗಳ ನಡುವೆ ಇಟ್ಟಿದ್ದಳು. ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿಯವನಿಗೆ ತೋರಿಸಿದೆ.

“ಬೂಷ್ಟು ಹಿಡದು ಪೂರಾ ಖರಾಬ್ ಆಗ್ಯಾದ್ರೀ. ಏನೂ ಉಳದಿಲ್ಲ.”

ಅವನ ಮೂಗಿನ ದನಿಯಲ್ಲೇ ಅವ್ವನಿಗೆ ವರದಿ ಒಪ್ಪಿಸಿದೆ. ಅವಳು ನಗಲಿಲ್ಲ.

“ಊರ ಮಂದಿ ದನಿ ಎಲ್ಲಾ ತೆಗಿತಿಯಲ್ಲ, ನಮ್ಮವ್ವನ ದನಿಲೆ ಒಂದು ಪದ ಹಾಡೋ.”

ಮಹಾ ಕಲಾವಿದ ನಾನು! ಅಜ್ಜಿ ಹಾಡುವಾಗ ಅಣಕಿಸಿ ನಗಿಸಿದ್ದೆಲ್ಲ ನಡುವೆ ಬರುತ್ತಿದ್ದ ಅವಳ ಕೆಮ್ಮನ್ನು. ಪದ ಒಂದನ್ನೂ ಕಲಿತಿರಲಿಲ್ಲ.

ಕೆಮ್ಮಿದೆ. ಥೇಟ್ ಅಜ್ಜಿಯೇ. ಅವ್ವ ಕಣ್ಣು ಮುಚ್ಚಿ, ಇನ್ನೇನು ಹಾಡು ಬರುತ್ತದೆಂದು ಕಾಯುತ್ತ ಕೂತಳು.