ಮೀನು ಒಣಗುವ ತಿಂಗಳಲ್ಲಿ ಸಿಕ್ಕ ಖುರ್ಚಿ

‘ಕಡಲ ಕಡೆಯವರಿಗೆ ಇಂಥದ್ದರಲ್ಲೆಲ್ಲ ಆಸಕ್ತಿಯಿಲ್ಲ’ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಈ ಮಾತನ್ನು ನಾನು ಮೊದಲು ಕೇಳಿದ್ದು ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ, ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದಾಗ. ಹೇಳಿದ ಮೇಡಂ ಕೆಟ್ಟವರೇನಲ್ಲ. ನನ್ನ ಹೆಸರಿನ ಮುಂದೆ ಗುರುತು ಹಾಕುತ್ತ, ಇವತ್ತು ಸೆಖೆ ಜಾಸ್ತಿ ಎನ್ನುವ ಧಾಟಿಯಲ್ಲಿ ಹೇಳಿಬಿಟ್ಟರು.

ಆಗ ನಾನು ಅಂಕೋಲೆಯಲ್ಲಿ ಬಿ.ಎ. ಎರಡನೇ ವರ್ಷ ಮುಗಿಸಿದ್ದೆ. ನಮ್ಮದು ಮೀನುಗಾರರ ಮನೆ. ಅಪ್ಪ ಬೈತಖೋಲ ಬಂದರಿನ ಟ್ರಾಲರ್ ಒಂದರಲ್ಲಿ ದುಡಿಯುತ್ತಿದ್ದ. ಕಡಲಿಗಿಳಿದರೆ ಎಷ್ಟೋ ದಿನ ಮನೆಯ ಮುಖ ನೋಡುತ್ತಿರಲಿಲ್ಲ. ಆಯಿ ಮೀನು ಒಣಗಿಸಿ ಘಟ್ಟದ ಮೇಲಿನ ಸಂತೆಗೆ ಒಯ್ದು ಮಾರುತ್ತಿದ್ದಳು. ನಮ್ಮಂಥವರ ಮನೆಯ ಕಾಲೇಜು ಮಕ್ಕಳನ್ನು ಬೇಸಿಗೆ ರಜೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳಲ್ಲಿ ಕೂರಿಸಿ, ಜನರ ಕೆಲಸ ಹೇಗೆ ನಡೆಯುತ್ತದೆಂದು ಕಲಿಸುವ ಒಂದು ತರಬೇತಿ ಇತ್ತು. ಬಸ್ಸಿಗೂ ಊಟಕ್ಕೂ ಸಾಲುವಷ್ಟು ಭತ್ಯೆ, ಕೊನೆಗೊಂದು ಪ್ರಮಾಣಪತ್ರ. ಮೀನುಗಾರರ ಮಕ್ಕಳಿಗೆಂದೇ ಒಂದು ಜಾಗ ಕಾದಿಟ್ಟಿದ್ದರು. ಆದರೆ ನನಗಿಂತ ಮೊದಲು ಆ ಜಾಗಕ್ಕೆ ಒಬ್ಬರೂ ಬಂದಿರಲಿಲ್ಲವಂತೆ.

“ಈ ಸಲ ನೀ ನಡುವ ಬಿಟ್ಟು ಹೋದಿ ಅಂದ್ರ, ಮುಂದಿನ ವರ್ಷದಿಂದ ಆ ಜಾಗಾ ಬ್ಯಾರೆಯವ್ರಿಗೆ ಹೋಗ್ತದ ನೋಡವ್ವಾ. ಒಂದು ದಿನಾನೂ ತಪ್ಪಿಸಂಗಿಲ್ಲ,” ಎಂದರು ಮೇಡಂ. ಧಾರವಾಡದ ಕಡೆಯವರು. ತರಬೇತಿಯ ಹುಡುಗ ಹುಡುಗಿಯರೆಲ್ಲ ಅವರ ಸುಪರ್ದಿಗೆ.

ಆಸಕ್ತಿಯ ಮಾತು ಬಂದದ್ದಕ್ಕೆ ನಮ್ಮ ಬೇಸಿಗೆಯ ಕಥೆ ಹೇಳಬೇಕು. ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನ ಹುಡುಗಿಯರಿಗೆ ಬೇಸಿಗೆಯೆಂದರೆ ಕಂಪ್ಯೂಟರ್ ಕ್ಲಾಸು, ಅಜ್ಜಿಮನೆ. ನಮ್ಮ ಕೇರಿಯಲ್ಲಿ ಬೇಸಿಗೆಯೆಂದರೆ ಒಣಮೀನು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಒಣಗಿದಷ್ಟೇ ಮೀನು; ಜೂನಿನಲ್ಲಿ ಮಳೆ ಹಿಡಿಯಿತೆಂದರೆ ದೋಣಿ ದಡಕ್ಕೆ, ಬಲೆ ಅಟ್ಟಕ್ಕೆ. ಮಳೆಗಾಲವಿಡೀ ನಾವು ಉಣ್ಣುವುದು ಆ ಎರಡು ತಿಂಗಳ ಬಿಸಿಲನ್ನೇ. ಬಂಗಡೆಯ ಹೊಟ್ಟೆ ಸೀಳಿ, ತೊಳೆದು, ಸಾಣಿಕಟ್ಟೆಯ ಉಪ್ಪು ತುಂಬಿ, ಮರಳ ಮೇಲೆ ಹಳೆ ಬಲೆ ಹಾಸಿ ಹರವಬೇಕು. ಹೊತ್ತು ಹೊತ್ತಿಗೆ ಮಗುಚಬೇಕು, ಸಂಜೆ ಬಾಚಿ ಒಳಗಿಡಬೇಕು. ನಡುವೆ ಕಾಗೆ, ನಾಯಿ. ಇದೆಲ್ಲ ಹೆಂಗಸರ ಕೆಲಸ, ಕಾಗೆ ಕಾಯುವುದು ಹೆಣ್ಣುಮಕ್ಕಳ ಕೆಲಸ. ಅಂಥ ತಿಂಗಳಲ್ಲಿ ಮೀನುಗಾರರ ಹುಡುಗಿಯನ್ನು ಕಾರವಾರಕ್ಕೆ ಬಾ ಎಂದು ಕರೆದು, ಬರಲಿಲ್ಲವೆಂದರೆ ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುವುದು!

ನಾನೇನೂ ಧೈರ್ಯ ಮಾಡಿ ಹೊರಟವಳಲ್ಲ. ಆಗುವುದಿಲ್ಲ ಎಂದು ತಿಳಿಸಿಬಿಡುವುದೆಂದೇ ಯೋಚಿಸಿದ್ದೆ. ಆಯಿಯೇ ಬಿಡಲಿಲ್ಲ.

“ಕಾಗೆ ಓಡ್ಸೂಕೆ ಬಿ.ಎ. ಬೇಕೇನೆ?” ಎಂದಳು, ಮೀನು ಸೀಳುತ್ತಲೇ. “ಹೋಗು ನೀನು. ಕಾಗೆ ಕಾಯೂಕೆ ನಿನ್ನ ಅಜ್ಜಿ ಇಲ್ವೇ?”

ಅಜ್ಜಿಗೆ ಕಣ್ಣು ಮಂಜಾಗಿತ್ತು. ಕಾಗೆಗೂ ಕೋಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ಕಪ್ಪು ಕೊಡೆ ಬಿಡಿಸಿಕೊಂಡು, ಕೋಲು ಹಿಡಿದು, ಮರಳ ಮೇಲೆ ಮಹಾರಾಣಿಯ ಗತ್ತಿನಲ್ಲಿ ಕೂತುಬಿಟ್ಟಳು.

ಬೆಳಗಿನ ಜಾವ ಎದ್ದು ಆಯಿಯ ಜೊತೆ ಮೀನು ಹರವಿ, ಮಿಂದು, ಬಸ್ಸು ಹಿಡಿಯುತ್ತಿದ್ದೆ. ಬಿಣಗಾದ ಘಟ್ಟ ಇಳಿಯುವಾಗ ಬೈತಖೋಲದ ಟ್ರಾಲರುಗಳು ಕಾಣುತ್ತಿದ್ದವು. ಅಪ್ಪನದು ಬಂದಿದೆಯೇ ಎಂದು ದಿನಾ ಕತ್ತು ಚಾಚುತ್ತಿದ್ದೆ. ಎಷ್ಟು ಸಾಬೂನು ಹಚ್ಚಿದರೂ ಬೆರಳ ಸಂದಿಯ ವಾಸನೆ ಹೋಗುತ್ತಿರಲಿಲ್ಲ. ಕಚೇರಿಯಲ್ಲಿ ಒಬ್ಬರು ನಾನು ಹತ್ತಿರ ಹೋದಾಗ ಮೂಗಿಗೆ ಕರವಸ್ತ್ರ ಹಿಡಿದರು. ಮಧ್ಯಾಹ್ನ ಅವರ ಡಬ್ಬಿಯಲ್ಲಿದ್ದದ್ದು ಹುರಿದ ಬಂಗಡೆ. ಆ ಡಬ್ಬಿಯನ್ನು ಅವರಿಗೆ ಗೊತ್ತಾಗುವಷ್ಟು ಹೊತ್ತು ನೋಡಿದೆ, ಅಷ್ಟೇ.

ನನಗೆ ಸಿಕ್ಕಿದ್ದು ಬಾಗಿಲ ಪಕ್ಕದ ಕಿಟಕಿ. ಮೇಲೆ ‘ವಿಚಾರಣೆ’ ಎಂದು ಬರೆದಿತ್ತು. ಜಿಲ್ಲೆಯ ಮೂಲೆಮೂಲೆಯಿಂದ ಬಂದವರು ಮೊದಲು ಅಲ್ಲಿ ಸಾಲು ನಿಲ್ಲುತ್ತಿದ್ದರು. ಯಾವ ಕೆಲಸಕ್ಕೆ ಯಾರ ಮೇಜು, ಏನು ಕಡಿಮೆ ಇದೆ, ಇವತ್ತೇ ಆಗುತ್ತದೋ ನಾಳೆ ಬರಬೇಕೋ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಮೊದಲ ವಾರ ನನಗೇ ಏನೂ ಗೊತ್ತಿರಲಿಲ್ಲ. ಒಳಗೆ ಓಡಿ ಕೇಳಿಕೊಂಡು ಬಂದು ಹೇಳುತ್ತಿದ್ದೆ. ಆಮೇಲೆ ಓಡುವುದು ಕಡಿಮೆಯಾಯಿತು. ಬೈತಖೋಲದ ಮೀನು ಮಾರುವ ಹೆಂಗಸೊಬ್ಬಳು ಒಂದು ದಿನ ತಡವರಿಸುತ್ತ ಕನ್ನಡದಲ್ಲಿ ಶುರುಮಾಡಿದಾಗ ನಾನು ಕೊಂಕಣಿಯಲ್ಲೇ ಉತ್ತರ ಕೊಟ್ಟೆ. ಅವಳು ಕಿಟಕಿಯ ಸರಳು ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಇವ್ಳು ನಮ್ದೇ ಹುಡ್ಗಿ!” ಎಂದಳು. ನನ್ನ ಕಿವಿ ಕೆಂಪಾಯಿತು. ಎದೆ ಮಾತ್ರ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಆಯಿಗೆ ದಿನಾ ವರದಿ ಒಪ್ಪಿಸಬೇಕು. ಅವಳಿಗೆ ಕೆಲಸಕ್ಕಿಂತ ಖುರ್ಚಿಯ ಮೇಲೆ ಕಣ್ಣು.

“ಕೈ ಇದ್ದ ಖುರ್ಚಿಯೇನೆ?”

“ಹೌದು.”

“ಜನ ಎಲ್ಲ ನಿಂತಿರ್ತರು, ನೀ ಕೂತಿರ್ತೆ?”

“ಹೌದೇ ಆಯಿ. ಅವ್ರಿಗೂ ಬೆಂಚು ಹಾಕಿದ್ರು.”

ಬೆಂಚಿನ ವಿಷಯ ಅವಳಿಗೆ ಬೇಕಿರಲಿಲ್ಲ. “ಒಂದಿನ ಬಂದು ನೋಡೂಕೆ ಬೇಕಾಗಿತ್ತು,” ಎನ್ನುವಳು. ಆದರೆ ಕಚೇರಿ ತೆರೆದಿರುವಷ್ಟು ಹೊತ್ತೂ ಬಿಸಿಲಿರುತ್ತದೆ, ಬಿಸಿಲಿರುವಷ್ಟು ಹೊತ್ತೂ ಮೀನಿರುತ್ತದೆ. ಅವಳಿಗೆ ಬಿಡುವಾಗಲೇ ಇಲ್ಲ.

ಇಲ್ಲಿ ಮಾವಶಿಯ ವಿಷಯ ಹೇಳಬೇಕು. ನಾನು ಮಾವಶಿ ಎನ್ನುತ್ತಿದ್ದದ್ದು ಪಕ್ಕದ ಮನೆಯ ಹೆಂಗಸಿಗೆ. ಅವಳಿಗೂ ಆಯಿಗೂ ಮಾತಿರಲಿಲ್ಲ. ಮೀನು ಹರವುವ ಮರಳಿನಲ್ಲಿ ಪ್ರತಿ ಮನೆಗೂ ಒಂದೊಂದು ತುಂಡು ಜಾಗ. ನಡುವೆ ಗಡಿಯ ಕಲ್ಲು. ನಮ್ಮ ಮತ್ತು ಅವರ ನಡುವಿನ ಕಲ್ಲು ಯಾವುದೋ ವರ್ಷ ಒಂದು ಗೇಣು ಸರಿದಿತ್ತು. ಸರಿಸಿದ್ದು ಮಾವಶಿ ಎಂದು ಆಯಿ, ಕಡಲು ಎಂದು ಮಾವಶಿ. ಅಂದಿನಿಂದ ಆಯಿ ಅವಳಿಗೆ ಹೇಳಬೇಕಾದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದಳು. “ಕೆಲವರಿಗೆ ಎಷ್ಟು ಜಾಗ ಇದ್ರೂ ಸಾಲೂದಿಲ್ಲ, ಅಲ್ವೇನೋ?” ಎಂದರೆ ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಮಾವಶಿ ತನ್ನ ಪಾಲಿನ ಉತ್ತರವನ್ನು ಕಾಗೆಗೆ ಕೊಡುತ್ತಿದ್ದಳು. ನನ್ನ ಖುರ್ಚಿಯ ಸುದ್ದಿಯೂ, ನಡುವೆ ಬಿಟ್ಟರೆ ಆ ಜಾಗ ಬೇರೆಯವರ ಪಾಲಾಗುತ್ತದೆ ಎನ್ನುವುದೂ ಅವಳಿಗೆ ತಲುಪಿದ್ದು ನಾಯಿಯ ಮೂಲಕವೇ.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಅವತ್ತು ಆಯಿ ಒಣಗಿದ್ದ ಮೀನು ಕಟ್ಟಿಕೊಂಡು ಘಟ್ಟದ ಮೇಲಿನ ಸಂತೆಗೆ ಹೋಗಿದ್ದಳು. ಹಿಂದಿನ ದಿನ ಬಂದ ಬಂಗಡೆಯ ರಾಶಿ ಮರಳ ಮೇಲೆ ಹರವಿತ್ತು, ಅಜ್ಜಿ ಕೊಡೆಯಡಿ ಕೂತಿದ್ದಳು. ಮಳೆಗಾಲಕ್ಕೆ ನಮಗೆ ಉಳಿಯಬೇಕಾದದ್ದು ಬಹುಮಟ್ಟಿಗೆ ಅದೇ ರಾಶಿ. ಮಧ್ಯಾಹ್ನ ಊಟ ಮುಗಿಸಿ ಕಿಟಕಿಗೆ ಬಂದು ಕೂತೆ. ಹೊರಗೆ ಬೆಳಕು ಬದಲಾಗಿತ್ತು. ಮುಂಗಾರಿಗೆ ಮೊದಲಿನ ಮಳೆ ನಮ್ಮಲ್ಲಿ ಕಡಲಿಂದ ಬರುವುದಿಲ್ಲ, ಗುಡ್ಡದಿಂದ ಬರುತ್ತದೆ. ನಮ್ಮ ಕೇರಿ ಇರುವ ಅಂಕೋಲೆಯ ದಿಕ್ಕಿಗೆ ಗುಡ್ಡದ ನೆತ್ತಿ ಕಪ್ಪಾಗಿ, ನೋಡನೋಡುತ್ತ ಆ ಕಪ್ಪು ಕೆಳಗಿಳಿಯುತ್ತಿತ್ತು.

ಒಮ್ಮೆ ನೆಂದ ಒಣಮೀನು ಮತ್ತೆ ಒಣಗುವುದಿಲ್ಲ, ಹುಳ ಬೀಳುತ್ತದೆ. ಅಜ್ಜಿ ಕೋಲು ಬೀಸಿ ಕಾಗೆ ಓಡಿಸಿಯಾಳು, ಮೋಡವನ್ನಲ್ಲ. ಹಿಂದೆ ನಿಂತಿದ್ದ ಮೇಡಂ ನನ್ನ ಮುಖ ನೋಡಿ, “ಏನಾತವ್ವಾ?” ಎಂದರು. ಹೇಳಿದೆ. ಅವರು ಆಕಾಶ ನೋಡಿದರು, ಗಡಿಯಾರ ನೋಡಿದರು.

“ಹೋಗ್ತಿಯೇನ? ನಾ ತಡಿಯಂಗಿಲ್ಲ. ಆದ್ರ ಹಾಜರಿಯೊಳಗ ಇಲ್ಲಾ ಅಂತನ ಬರೀಬೇಕಾಗ್ತದ.”

ಎದ್ದು ನಿಂತೆ. ಸಾಲಿನಲ್ಲಿ ಜೋಯಿಡಾ ಕಡೆಯಿಂದ ಬಂದಿದ್ದ ಮುದುಕನೊಬ್ಬ ತನ್ನ ಚೀಲ ಬಿಚ್ಚುತ್ತಿದ್ದ. ಸಂಜೆಯ ಬಸ್ಸು ತಪ್ಪಿದರೆ ಅವನಿಗೆ ಬಸ್ ನಿಲ್ದಾಣವೇ ಗತಿ. ನಾನು ಬಸ್ಸು ಹಿಡಿದು ಮನೆ ಮುಟ್ಟುವ ಹೊತ್ತಿಗೆ ಮಳೆ ಬಂದು ಹೋಗಿರುತ್ತದೆ, ಅದೂ ಗೊತ್ತು. ಗೊತ್ತಿದ್ದರೂ ಕಾಲು ಬಾಗಿಲ ಕಡೆಗೇ ಎಳೆಯಿತು. ನಾನು ಹೋದರೆ ಮೀನೂ ಉಳಿಯುವುದಿಲ್ಲ, ಜಾಗವೂ ಉಳಿಯುವುದಿಲ್ಲ. ನಮ್ಮ ಕೇರಿಯ ಮೇಲೆ ಆ ‘ಆಸಕ್ತಿಯಿಲ್ಲ’ ಶಾಶ್ವತವಾಗಿ ಕೂತುಬಿಡುತ್ತದೆ. ಮತ್ತೆ ಕೂತೆ. ಮುದುಕನ ಕೆಲಸ ಯಾವ ಮೇಜಿನದೆಂದು ಹೇಳಿ, ಅವನ ಹಿಂದಿನವರನ್ನು ಕರೆದೆ. ಹೊರಗೆ ಗುಡುಗಿತು, ಕರೆಂಟು ಹೋಯಿತು. ಅಳು ಬರುತ್ತಿತ್ತು. ಆದರೆ ಒಬ್ಬೊಬ್ಬರನ್ನೂ ಸರಿಯಾಗಿಯೇ ಕಳಿಸಿದೆ. ಅದನ್ನು ನೆನೆದರೆ ನನಗೆ ಈಗಲೂ ನನ್ನ ಬಗ್ಗೆ ಹೆಮ್ಮೆಯೇ.

ಸಂಜೆ ಬಸ್ಸಿಳಿದು ಕೇರಿಗೆ ಓಡಿದೆ. ಮರಳು ಮಳೆಗೆ ತೂತುತೂತಾಗಿತ್ತು. ನಮ್ಮ ಜಾಗ ಖಾಲಿ. ಬಲೆಯೂ ಇಲ್ಲ, ಮೀನೂ ಇಲ್ಲ. ಆಯಿ ಅಷ್ಟರಲ್ಲೇ ಸಂತೆಯಿಂದ ಬಂದು, ಬುಟ್ಟಿಯನ್ನು ತಲೆಯಿಂದ ಇಳಿಸದೆ ಮಾವಶಿಯ ಜಗಲಿಯ ಮುಂದೆ ನಿಂತಿದ್ದಳು. ಜಗಲಿಯ ಮೇಲೆ ನಮ್ಮ ಬಂಗಡೆ, ನಮ್ಮ ಬಲೆಯಲ್ಲೇ ಸುತ್ತಿ, ತಾಡಪತ್ರಿ ಹೊದೆಸಿ ಇಟ್ಟಿತ್ತು. ಪಕ್ಕದಲ್ಲಿ ಅಜ್ಜಿ ಚಾ ಕುಡಿಯುತ್ತ ಕೂತಿದ್ದಳು. ಮಾವಶಿಯದೇ ತಾರ್ಲೆ ಮೀನು ಒಂದಷ್ಟು ಅಂಗಳದಲ್ಲಿ ನೆಂದು ಮುದ್ದೆಯಾಗಿ ಬಿದ್ದಿತ್ತು. ಮೊದಲು ನಮ್ಮದನ್ನು ಬಾಚಿ, ಆಮೇಲೆ ತನ್ನದಕ್ಕೆ ಹೋಗಿದ್ದಳು.

ಅಷ್ಟು ವರ್ಷ ನಾಯಿಯ ಜೊತೆ ಮಾತಾಡಿದ ಆಯಿ, ಎದುರಿಗಿದ್ದವಳ ಹತ್ತಿರ ಏನೆಂದು ಶುರುಮಾಡಿಯಾಳು? ಮಾವಶಿಯೇ ಹಾದಿ ಮಾಡಿಕೊಟ್ಟಳು. ಒರಟಾಗಿಯೇ ಅಂದಳು:

“ನಾ ಓಡದ್ದು ನಿನ್ನ ಮೀನಿಗಲ್ಲ, ತಿಳೀತೆ? ಆ ಖುರ್ಚಿಗೆ. ಇವ್ಳು ನಡೂಕೆ ಎದ್ದು ಬಂದ್ರೆ ನಾಳೆ ನನ್ನ ಹುಡ್ಗಿ ಎಲ್ಲಿ ಕೂರೂದು?”

ಅವಳ ಮಗಳು ಆಗ ಪಿ.ಯು.ಸಿ. ಮುಗಿಸಿದ್ದಳು. ಆಯಿ ಬುಟ್ಟಿ ಇಳಿಸಿದಳು, ನಮ್ಮ ಬಂಗಡೆಯಲ್ಲಿ ಕೈಗೆ ಬಂದಷ್ಟನ್ನು ಬಾಚಿ ಅವಳ ಮೊರಕ್ಕೆ ಸುರಿದಳು. ಮಾವಶಿ ಬೇಡ ಎನ್ನಲಿಲ್ಲ. ಗಡಿಯ ಕಲ್ಲು ಇದ್ದಲ್ಲೇ ಇತ್ತು. ಅದರ ವ್ಯಾಜ್ಯ ಬೇರೆ, ಅದನ್ನು ಯಾರೂ ಬಿಟ್ಟುಕೊಡಲಿಲ್ಲ.

ತರಬೇತಿಯ ಕೊನೆಯ ದಿನ ಎಲ್ಲರೂ ಎರಡು ಮಾತು ಆಡಬೇಕಿತ್ತು. ಉಳಿದವರು ಕೃತಜ್ಞತೆ ಹೇಳಿ ಕೂತರು. ನಾನೂ ಹೇಳಿದೆ, ಹೇಳಿ ಕೂರಲಿಲ್ಲ. “ನೀವು ಬೇಸಿಗೆ ರಜೆ ಅಂತೀರಿ. ಅದು ನಮ್ಮ ಮನೆಗಳಲ್ಲಿ ವರ್ಷದ ದೊಡ್ಡ ದುಡಿಮೆ. ನಮ್ಮ ರಜೆ ಮಳೆಗಾಲ. ಆಗ ಕರೆದು ನೋಡಿ, ಆಮೇಲೂ ಬರದಿದ್ದರೆ ಆಸಕ್ತಿಯಿಲ್ಲ ಎಂದು ಬರೆಯಿರಿ,” ಎಂದೆ. ಧ್ವನಿ ಸ್ವಲ್ಪ ಏರಿತ್ತೇನೋ. ಮೇಡಂ ಕೇಳಿದರು, “ಮಳಿಗಾಲದಾಗ ಕಾಲೇಜು ಇರ್ತದಲ್ಲವ್ವಾ?” ಕಾಲೇಜು ತೆರೆದ ಮೇಲೆ ಮಧ್ಯಾಹ್ನದ ಪಾಳಿ ಕೊಡಿ ಎಂದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ಕೂಡು” ಎಂದರು.

ಮರುವರ್ಷ ಬಂದ ಪ್ರಕಟಣೆಯಲ್ಲಿ ಎರಡು ತಂಡ ಇತ್ತು: ಒಂದು ಬೇಸಿಗೆಯದು, ಒಂದು ಮಳೆಗಾಲದ್ದು. ಕಾಲೇಜಿನ ಫಲಕದ ಮುಂದೆ ಅದನ್ನು ನಾನು ಎಷ್ಟು ಸಲ ಓದಿದೆನೋ. ಹಿಂದೆ ಒಬ್ಬರೂ ಬರುತ್ತಿರಲಿಲ್ಲವಲ್ಲ, ಆ ಜಾಗಕ್ಕೆ ಈ ಸಲ ಕಡಲ ಕಡೆಯ ಹುಡುಗಿಯರಲ್ಲೇ ಪೈಪೋಟಿ. ಮಾವಶಿಯ ಮಗಳಿಗೆ ಸಿಕ್ಕಿತು. ಅದೇ ಕಚೇರಿ, ಅದೇ ಕಿಟಕಿ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಮಳೆ ಧೋ ಎಂದು ಸುರಿಯುವಾಗ, ಆಯಿ ಪೆಟ್ಟಿಗೆಯಿಂದ ಮದುವೆಗೆ ಉಡುವ ಸೀರೆ ತೆಗೆದಳು. ಅಬ್ಬಲಿ ಹೂ ಮುಡಿದಳು. “ಕಾರವಾರಕ್ಕೆ ಹೋಪಾ, ನಡಿ,” ಎಂದು ನನ್ನನ್ನು ಎಬ್ಬಿಸಿದಳು. ಬಾಗಿಲಲ್ಲಿ ಮಾವಶಿ ಅಂಥದ್ದೇ ಸೀರೆಯುಟ್ಟು ಕೊಡೆ ಹಿಡಿದು ನಿಂತಿದ್ದಳು. ಮೂವರೂ ಬಸ್ಸು ಹತ್ತಿದೆವು. ಬೈತಖೋಲದಲ್ಲಿ ಟ್ರಾಲರುಗಳೆಲ್ಲ ಒತ್ತೊತ್ತಾಗಿ ಸುಮ್ಮನೆ ನಿಂತಿದ್ದವು.

ಕಚೇರಿಯಲ್ಲಿ ಸಾಲು ಉದ್ದವಿತ್ತು. ನಾನು ಒಳಗೆ ಹೋಗಿ ಹೇಳಿ ಬರುತ್ತೇನೆಂದರೆ ಆಯಿ ರೇಗಿದಳು, ಸಾಲಿನಲ್ಲೇ ನಿಲ್ಲಬೇಕಂತೆ. ಅಲ್ಲಿಯೂ ಯಾರು ಮುಂದೆ ಎಂದು ಇಬ್ಬರಿಗೂ ಜಟಾಪಟಿ. ಒಂದು ಗೇಣಿನ ವಿಷಯ. ಮಾವಶಿ “ನನ್ನ ಮಗಳು” ಎಂದಳು, ಆಯಿ “ನನ್ನ ಮಗಳ ಖುರ್ಚಿ” ಎಂದಳು. ಆಯಿಯೇ ಗೆದ್ದಳು.

ಕಿಟಕಿಯ ಹಿಂದೆ ಮಾವಶಿಯ ಮಗಳು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಮುಖ ಎತ್ತದೆಯೇ, “ನಿಮಗೇನಾಗಬೇಕಿತ್ತು?” ಎಂದಳು. ನಮ್ಮ ಕಡೆ ಟೀಚರಿಗೆ ಕೊಡುವ ಮರ್ಯಾದೆಯನ್ನೇ ಆ ಎಳೆ ಹುಡುಗಿಗೆ ಕೊಟ್ಟು, ಸರಳಿನಾಚೆಯ ಖುರ್ಚಿಯ ಕೈಯನ್ನು ನೋಡುತ್ತ, ಆಯಿ ಅಂದಳು:

“ಎಂತದೂ ಬ್ಯಾಡ, ಅಕ್ಕೋರೇ. ಹೋದ ವರ್ಷ ನೋಡೂಕೆ ಬರೂಕೆ ಆಗ್ಲಿಲ್ಲ.”